ಯಾರ ಪೈಕಿ?

ನಮ್ಮ ಕಡೆ ಹೊಸಬರು ಕಟ್ಟೆಗೆ ಬಂದು ಕೂತರೆ ಯಾರೂ ಮೊದಲಿಗೆ ಹೆಸರು ಕೇಳುವುದಿಲ್ಲ. ಒಂದು ತಂಬಿಗೆ ನೀರು ಮುಂದಿಟ್ಟು ‘ಯಾವೂರಾತ್ರಿ?’ ಎನ್ನುತ್ತೇವೆ. ಊರು ಗೊತ್ತಾದ ಮೇಲೆ ‘ಯಾರ ಪೈಕಿ?’ ಪೈಕಿ ಸಿಕ್ಕಿತೆಂದರೆ ಮುಗಿಯಿತು. ಮೇಲಿನ ಓಣಿಯವರೋ ಕೆಳಗಿನ ಓಣಿಯವರೋ, ಅವರ ಅಜ್ಜ ಯಾವ ಬರಗಾಲದಲ್ಲಿ ಎತ್ತು ಮಾರಿದ, ಯಾವ ಸುಗ್ಗಿಯಲ್ಲಿ ಹೊಲ ಬಿಡಿಸಿಕೊಂಡ ಎಂಬಲ್ಲಿಯವರೆಗೆ ಮಾತು ತಾನೇ ಹರಿಯುತ್ತದೆ. ಬಂದವನು ಬಸವರಾಜನೋ ಶರಣಪ್ಪನೋ ಎಂಬುದು ಅವನು ಚಪ್ಪಲಿ ಮೆಟ್ಟುವಾಗ ನೆನಪಾದರೆ ಕೇಳಿದೆವು, ಇಲ್ಲವಾದರೆ ಇಲ್ಲ. ಈ ಪದ್ಧತಿಯ ಬೆಲೆ ನನಗೆ ಗೊತ್ತಾದದ್ದು ಹೋದ ಮುಂಗಾರಿನಲ್ಲಿ ಬಂದ ಒಬ್ಬ ಅತಿಥಿಯಿಂದ. ಆಕೆ ನೀರನ್ನೂ ಮುಟ್ಟಲಿಲ್ಲ, ಪೈಕಿಯನ್ನೂ ಹೇಳಲಿಲ್ಲ.

ಮಗಳ ಬಾಣಂತನ ಕುಷ್ಟಗಿಯ ನಮ್ಮ ಮನೆಯಲ್ಲಿ ನಡೆದಿತ್ತು. ನಾಳೆ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವುದು ಎನ್ನುವ ರಾತ್ರಿ. ಮಿರಗ ಕೂಡಿ ಮೂರು ದಿನವಾಗಿತ್ತು. ಸಂಜೆಗೆ ಒಂದು ಹದ ಮಳೆ ಬಿದ್ದು, ಮಳೆಯ ಬೆನ್ನಿಗೇ ಕರೆಂಟು ಹೋಗಿ, ಎಂಟೂವರೆಗೆ ತಿರುಗಿ ಬಂತು. ಬಂದೊಡನೆ ಪಡಸಾಲೆಯಲ್ಲಿ ಮಕ್ಕಳೆಲ್ಲ ಕಿರುಚಿಕೊಂಡರು. ಟ್ಯೂಬ್‌ಲೈಟಿನ ಪಕ್ಕ, ಸುಣ್ಣದ ಗೋಡೆಯ ಮೇಲೆ, ಜೋಳದ ಹಿಟ್ಟಿಗೆ ಅರಿಷಿಣ ಕಲಸಿದ ಬಣ್ಣದ ಒಂದು ಜೀವ ರೆಕ್ಕೆ ಹರವಿಕೊಂಡು ಕೂತಿತ್ತು. ಈ ತುದಿಯಿಂದ ಆ ತುದಿಗೆ ಮುಕ್ಕಾಲು ಗೇಣು. ನಾಲ್ಕು ರೆಕ್ಕೆಗೂ ಒಂದೊಂದು ದುಂಡನೆಯ ಕಣ್ಣು.

‘ಅಜ್ಜಾ, ಬಾವಲಿ ಬಂದೈತಿ!’

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು. ಕಪ್ಪೆ, ಜಿರಳೆ, ದಾಸವಾಳ ಬಿಟ್ಟು ಜಗತ್ತಿನಲ್ಲಿ ಬೇರೆ ಜೀವ ಇದೆ ಎಂದು ಪಠ್ಯಪುಸ್ತಕ ನನ್ನನ್ನು ಎಂದೂ ಒತ್ತಾಯಿಸಿರಲಿಲ್ಲ. ಆದರೂ ಮನೆತುಂಬ ಬೀಗರು, ನೆಂಟರು. ಮೇಷ್ಟ್ರು ಏನಾದರೂ ಹೇಳಲೇಬೇಕು. ‘ಪತಂಗ’ ಎಂದೆ. ‘ಅದು ಗೊತ್ತೈತಿ ಬಿಡ್ರಿ, ಎಂಥಾ ಪತಂಗ?’ ಎಂದರು ಗಂಗಾವತಿಯ ಬೀಗರು.

ಇಲ್ಲಿಂದ ಮುಂದೆ ನಡೆದದ್ದು ಒಂದು ಜಿಲ್ಲಾಮಟ್ಟದ ವಿಚಾರ ಸಂಕಿರಣ. ಬೀಗರದು ಎಡದಂಡೆ ಕಾಲುವೆಯ ಕೆಳಗಿನ ಭತ್ತದ ಗದ್ದೆ. ಅವರ ಲೋಕದಲ್ಲಿ ಪತಂಗವೆಂದರೆ ಕಾಂಡಕೊರಕ. ‘ಇದು ಕಾಂಡಕೊರಕದ ತಾಯಿ. ಹಳದಿ ಬಣ್ಣ ನೋಡ್ರಿ, ರೆಕ್ಕಿ ಮ್ಯಾಲಿನ ಚಿಕ್ಕಿ ನೋಡ್ರಿ’ ಎಂದರು. ನಗಬೇಡಿ. ಕಾಂಡಕೊರಕದ ಹೆಣ್ಣು ನಿಜಕ್ಕೂ ಹಳದಿ, ಮುಂದಿನ ರೆಕ್ಕೆಗಳ ಮೇಲೆ ಒಂದೊಂದು ಕರಿಚುಕ್ಕೆ ನಿಜಕ್ಕೂ ಇದೆ. ಅದು ಉಗುರಿನಷ್ಟು, ಇದು ಅಂಗೈಯಷ್ಟು ಎನ್ನುವುದೊಂದೇ ತೊಡಕು. ಪಕ್ಕದ ಮನೆಯವರದು ದಾಳಿಂಬೆ ತೋಟ. ಅವರ ಪ್ರಕಾರ ಇದು ರಾತ್ರಿ ಬಂದು ಹಣ್ಣಿಗೆ ಸೊಂಡಿಲು ಚುಚ್ಚಿ ರಸ ಹೀರಿ, ಬೆಳಗಾದರೆ ಹಣ್ಣು ಕೊಳೆಸುವ ಕಳ್ಳಪತಂಗ. ‘ಔಷಧ ಹೊಡೀರಿ’ ಎಂದು ತಮ್ಮ ಮನೆಯಿಂದ ಪಂಪು ತರಲು ಎದ್ದೇಬಿಟ್ಟರು. ಯಲಬುರ್ಗಾದ ನಮ್ಮ ಕಾಕಾ ಎರೆಹೊಲದಲ್ಲಿ ಕಡಲೆ ಬಿತ್ತಿ, ಕಾಯಿ ಕೊರೆಯುವ ಕೀಡಿಯ ಜೊತೆ ಐವತ್ತು ವರ್ಷ ಗುದ್ದಾಡಿದವನು. ಅವನು ಬಹಳ ಹೊತ್ತು ನೋಡಿ, ‘ಇದರ ಕೀಡಿ ಒಂದೊಂದು ಹೆಬ್ಬಟ್ಟಿನಷ್ಟು ದಪ್ಪ ಇರಬೇಕಲೇ’ ಎಂದ. ಎಲ್ಲರೂ ನಕ್ಕರು. ಕಾಕಾನ ಮಾತು ಅಕ್ಷರಶಃ ನಿಜವೆಂದು ನನಗೆ ಗೊತ್ತಾಗಲು ಅರ್ಧರಾತ್ರಿಯಾಯಿತು.

ಒಬ್ಬೊಬ್ಬರೂ ತಮ್ಮ ಬೆಳೆಯ ಕಿಂಡಿಯಿಂದಲೇ ಹುಳವನ್ನು ನೋಡುತ್ತಾರಲ್ಲ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ. ನನ್ನ ಕಿಂಡಿಯೇನು ದೊಡ್ಡದಿರಲಿಲ್ಲ. ಮಗ ಮೊಬೈಲು ಎತ್ತಿ ಫೋಟೊ ಹೊಡೆದು, ಅದರೊಳಗಿನ ಯಾವುದೋ ಆ್ಯಪಿಗೆ ತೋರಿಸಿ, ‘ಆಂಥೆರಿಯಾ ಪಾಫಿಯಾ’ ಎಂದು ಮಂತ್ರದಂತೆ ಓದಿದ. ಪಡಸಾಲೆ ಗಪ್ಪಾಯಿತು. ಹೆಸರು ಗೊತ್ತಾಗಿತ್ತು, ಯಾರಿಗೂ ಏನೂ ತಿಳಿದಿರಲಿಲ್ಲ.

ನಮ್ಮ ದೊಡ್ಡವ್ವ ಮಾತ್ರ ಗೋಡೆಯ ಹತ್ತಿರ ಹೋಗಿ ಕೈಮುಗಿದಳು. ‘ಹಿರೇರು ಬಂದಾರ, ಕೂಸಿನ ಮಾರಿ ನೋಡಾಕ. ಒಂದು ತಟ್ಟ್ಯಾಗ ಸಕ್ರಿನೀರ ಇಡ್ರಿ.’ ಸಕ್ಕರೆ ನೀರು ಇಟ್ಟೆವು. ಅತಿಥಿ ತಿರುಗಿಯೂ ನೋಡಲಿಲ್ಲ. ಕುರ್ಚಿ ಹತ್ತಿ, ಮಗನ ಟಾರ್ಚು ಹಿಡಿದು ಮುಖ ನೋಡಿದರೆ, ಸುರುಳಿ ಸೊಂಡಿಲು ಇರಬೇಕಾದ ಜಾಗದಲ್ಲಿ ಏನೂ ಇಲ್ಲ! ಹಣ್ಣಿಗೆ ಚುಚ್ಚುವುದಿರಲಿ, ನೀರು ಹೀರುವುದಕ್ಕೂ ಬಾಯಿಲ್ಲ. ಪಕ್ಕದ ಮನೆಯವರ ಪಂಪು ಅಲ್ಲಿಗೆ ಬಾಗಿಲಲ್ಲೇ ನಿಂತಿತು. ಹುಳುವಾಗಿದ್ದಾಗ ತಿಂದದ್ದೇ ಈಕೆಯ ಜನ್ಮದ ಬುತ್ತಿ. ಆ ಕೊಬ್ಬು ಕರಗುವ ತನಕ, ಒಂದು ವಾರವೋ ಹತ್ತು ದಿನವೋ, ಹಾರಾಟ; ಆಮೇಲೆ ಮುಗಿಯಿತು. ಉಪವಾಸ ವ್ರತವೆಂದರೆ ಇದು ಎಂದು ದೊಡ್ಡವ್ವನಿಗೆ ಇನ್ನಷ್ಟು ಭಕ್ತಿ ಉಕ್ಕಿತು.

ಬಾಯಿಲ್ಲದಿರುವುದು, ಮೈತುಂಬ ತುಪ್ಪಳ, ಬಾಚಣಿಗೆಯಂತಹ ಮೀಸೆ, ರೆಕ್ಕೆಯ ನಟ್ಟನಡುವೆ ಕಣ್ಣು: ಇಷ್ಟು ಕೂಡಿದರೆ ಮನೆತನ ಗೊತ್ತಾದಂತೆಯೇ. ಇದು ದೊಡ್ಡ ರೇಷ್ಮೆ ಪತಂಗಗಳ ಮನೆತನ. ರಾಮನಗರದ ಮಾರುಕಟ್ಟೆಗೆ ಬರುವ ಬಿಳಿಗೂಡಿನ ಹಿಪ್ಪುನೇರಳೆ ಹುಳ ಇದರ ದೂರದ ದಾಯಾದಿಯೇ ಹೊರತು ಒಂದೇ ಮನೆಯದಲ್ಲ. ಅದು ಸಾಕಿ ಸಾಕಿ ಹಾರುವುದನ್ನೇ ಮರೆತ ಮನೆಯಳಿಯ. ಇವು ಕಾಡಿನವು.

ಇನ್ನು ಆ ಕಣ್ಣು. ಕಣ್ಣೆಂದು ಬರೆದೆನಲ್ಲ, ಅದು ಕಣ್ಣಲ್ಲ, ಬೆಳಕಿಂಡಿ. ನಮ್ಮ ಹಳೆಯ ಮಾಳಿಗೆ ಮನೆಗಳ ನೆತ್ತಿಯಲ್ಲಿ ಒಂದು ಗುಂಡು ತೂತು ಬಿಟ್ಟು ಗಾಜು ಮುಚ್ಚಿರುತ್ತಾರಲ್ಲ, ಹಾಗೆ ರೆಕ್ಕೆಯ ಆ ಒಂದು ಜಾಗದಲ್ಲಿ ಹುಡಿಯಿಲ್ಲ, ಆಚೆಯ ಸುಣ್ಣದ ಗೋಡೆ ನಿಚ್ಚಳ ಕಾಣುತ್ತದೆ. ಈ ಮನೆತನದವರನ್ನು ಗುರುತಿಸಲು ಅವರವರ ಬೆಳಕಿಂಡಿ ನೋಡಿದರೆ ಅರ್ಧ ಕೆಲಸವಾಯಿತು. ಮಳೆಗಾಲ ಬಂತೆಂದರೆ ಮಲೆನಾಡಿನಿಂದ ಪತ್ರಿಕೆಗಳಿಗೆ ಫೋಟೊ ಬರುವ ಅಟ್ಲಾಸ್ ಪತಂಗಕ್ಕೆ ತ್ರಿಕೋನದ ಕಿಂಡಿ, ರೆಕ್ಕೆಯ ತುದಿಯಲ್ಲಿ ಹಾವಿನ ಹೆಡೆ. ಔಡಲದ ಎಲೆ ತಿಂದು ಎರಿ ರೇಷ್ಮೆ ಕೊಡುವ ಹುಳದ ಪತಂಗಕ್ಕೆ ಬಿದಿಗೆ ಚಂದ್ರನಂತಹ ಕಿಂಡಿ. ಗೇರುಮರ ಬೋಳಿಸುವ ಒಂದು ಚಿಕ್ಕ ಜಾತಿಯ ಹೆಣ್ಣಿಗೆ ಸಾಲಾಗಿ ಮೂರು ಕಿಂಡಿ. ಅದರ ಲ್ಯಾಟಿನ್ ಹೆಸರಿನ ಅರ್ಥವೇ ‘ಮೂರು ಕಿಟಕಿಯದು’. ತಿಳಿಹಸಿರು ಮೈಯ, ಉದ್ದ ಬಾಲದ ಚಂದ್ರಪತಂಗವನ್ನು ಕಿಂಡಿ ನೋಡದೆಯೂ ಹೇಳಬಹುದು, ಬಾಲವೇ ಸಾಕು. ದುಂಡನೆಯ, ಹೊಸ ಎರಡು ರೂಪಾಯಿ ನಾಣ್ಯವನ್ನು ಕುಗ್ಗಿಸಿಟ್ಟಂತಹ ಕಿಂಡಿ, ಬಾಲವಿಲ್ಲದ ಹಿಂದಿನ ರೆಕ್ಕೆ, ಮುಂದಿನ ರೆಕ್ಕೆಯ ಮೇಲಂಚಿಗೆ ಬೂದಿ ಬಣ್ಣದ ಪಟ್ಟಿ ಇದ್ದರೆ ಆಂಥೆರಿಯಾ. ಆ ಕವಲಿನಲ್ಲೂ ಮುಗಾ ಅಸ್ಸಾಮಿನದು, ಓಕ್ ಮರದೆಲೆ ತಿನ್ನುವವು ಹಿಮಾಲಯದ ಕಡೆಯವು. ನಮ್ಮ ಬಯಲುಸೀಮೆಗೆ ಉಳಿಯುವುದು ಒಂದೇ, ತಸರ.

ತಪ್ಪಾದದ್ದು ಇಲ್ಲಿಯೇ. ಗೆದ್ದ ಹುಮ್ಮಸ್ಸಿನಲ್ಲಿ ನಾನು ಮನೆತನದ ಹೆಸರನ್ನೂ ಹೇಳಿಬಿಟ್ಟೆ. ‘ಇವು ಸ್ಯಾಟರ್ನಿಡೇ ಕುಟುಂಬದವು.’

‘ಸ್ಯಾಟರ್ನ್ ಅಂದ್ರ?’ ಎಂದರು ಬೀಗತಿ.

‘ಶನಿ’ ಎಂದೆ.

ನಾಳೆ ಕೂಸಿಗೆ ಹೆಸರಿಡುವ ಮನೆ. ಗೋಡೆಯ ಮೇಲೆ ಶನಿಯ ಕುಟುಂಬ. ಬೀಗತಿಯ ಮುಖ ನೋಡಿ ನನ್ನ ಹೆಂಡತಿ ನನ್ನ ಕಡೆ ನೋಡಿದ ನೋಟವನ್ನು ಯಾವ ಕುಟುಂಬಕ್ಕೆ ಸೇರಿಸಬೇಕೋ ತಿಳಿಯದು. ಅವಸರ ಅವಸರವಾಗಿ ಪುರಾಣ ತಿರುವಿಹಾಕಿದೆ: ಸ್ಯಾಟರ್ನಿಯಾ ಎಂದರೆ ಶನಿಯಲ್ಲ, ಶನಿಯ ಮಗಳು. ರೋಮನ್ನರ ಜೂನೊ ದೇವಿಗೆ ಅದು ಇನ್ನೊಂದು ಹೆಸರು. ಆಕೆಯ ಹಕ್ಕಿ ನವಿಲು. ನವಿಲಿನ ಗರಿಯ ಕಣ್ಣೇ ಈ ಪತಂಗದ ರೆಕ್ಕೆಯ ಕಣ್ಣು. ಯುರೋಪಿನಲ್ಲಿ ಈ ಮನೆತನದ ಒಂದಕ್ಕೆ ಲಿನೇಯಸ್ ನವಿಲಿನ ಹೆಸರನ್ನೇ ಇಟ್ಟಿದ್ದಾನೆ. ಇಂಗ್ಲಿಷರು ಅದನ್ನು ಚಕ್ರವರ್ತಿ ಪತಂಗ ಎನ್ನುತ್ತಾರೆ. ಚಕ್ರವರ್ತಿ ಎಂದೊಡನೆ ಕಾಕಾನಿಗೆ ಇಟಗಿ ನೆನಪಾಯಿತು. 1112ರಲ್ಲಿ ಕಟ್ಟಿದ ಅಲ್ಲಿಯ ಮಹಾದೇವ ದೇವಾಲಯವನ್ನು ಶಾಸನವೇ ದೇವಾಲಯಗಳ ಚಕ್ರವರ್ತಿ ಎಂದು ಕರೆದಿದೆ, ‘ಅದು ನಮ್ಮ ತಾಲೂಕಿನಾಗ ಇತ್ತು, ಈಗ ಕುಕನೂರಿಗೆ ಹಾಕ್ಯಾರ’ ಎಂದು ಅವನು ತಾಲೂಕು ವಿಂಗಡಣೆಯ ದುಃಖ ತೋಡಿಕೊಳ್ಳತೊಡಗಿದ್ದರಿಂದ ಶನಿಯ ಕಾಟ ಅಷ್ಟಕ್ಕೇ ತಪ್ಪಿತು.

ವಿಂಗಡಣೆಯೆಂದರೆ ಹಾಗೆಯೇ. ನಿನ್ನೆಯವರೆಗೆ ಈ ತಾಲೂಕಿನಲ್ಲಿದ್ದದ್ದು ಇಂದು ಆ ತಾಲೂಕಿನಲ್ಲಿ. ಲಿನೇಯಸ್ 1758ರ ತನ್ನ ದೊಡ್ಡ ಪಟ್ಟಿಯಲ್ಲಿ ಕೆಲವನ್ನು ಬಿಟ್ಟರೆ ಪತಂಗಗಳನ್ನೆಲ್ಲ ಫಲೀನಾ ಎಂಬ ಒಂದೇ ಅಡ್ಡಹೆಸರಿಗೆ ಸೇರಿಸಿದ್ದ, ಊರಿಗೆ ಊರೇ ಪಾಟೀಲರಾದಂತೆ. ನಮ್ಮ ಭಾಗದಲ್ಲಿ ಅಡ್ಡಹೆಸರು ಎಷ್ಟು ಮಾತಾಡುತ್ತದೆ! ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ ಎಂದರೆ ಅಜ್ಜ ಮಾರಿದ್ದು ಗೊತ್ತಾಯಿತು. ಬಡಿಗೇರ, ಪತ್ತಾರ, ಹೂಗಾರ ಎಂದರೆ ಮಾಡಿದ್ದು ಗೊತ್ತಾಯಿತು. ಮ್ಯಾಗಳಮನಿ ಎಂದರೆ ಮನೆಯ ವಿಳಾಸವೇ ಸಿಕ್ಕಿತು. ಎಲ್ಲರೂ ಪಾಟೀಲರಾದರೆ ಏನು ತಿಳಿಯಬೇಕು? ಆದ್ದರಿಂದ ಮುಂದಿನವರು ಒಡೆದರು, ಹೊಸ ಕವಲು ಮಾಡಿದರು, ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಹ್ಯೂಬ್ನರ್ ಎಂಬಾತ ಆಂಥೆರಿಯಾ ಎಂಬ ಮನೆ ಕಟ್ಟಿದ. ಶಾಸ್ತ್ರೀಯ ಹೆಸರಿನಲ್ಲಿ ಅಡ್ಡಹೆಸರು ಮೊದಲು, ಸ್ವಂತ ಹೆಸರು ಆಮೇಲೆ, ಥೇಟು ಮತದಾರರ ಪಟ್ಟಿ. ಕೊನೆಗೆ ಹೆಸರಿಟ್ಟವರ ಹೆಸರು, ಇಸವಿ. ಹುಳವನ್ನು ಆಮೇಲೆ ಬೇರೆ ಕವಲಿಗೆ ಒಯ್ದರೆ ಮೊದಲು ಹೆಸರಿಟ್ಟವನನ್ನು ಬಿಡುವುದಿಲ್ಲ, ಕಂಸದೊಳಗೆ ಕೂರಿಸುತ್ತಾರೆ. ಮಗಳನ್ನು ಕೊಟ್ಟ ಮೇಲೂ ತವರಿನ ಹೆಸರು ಕಂಸದಲ್ಲಿ ಉಳಿದಂತೆ.

ಮಗನ ಆ್ಯಪು ಪಾಫಿಯಾ ಎಂದಿತ್ತು. ನನ್ನ ಟ್ರಂಕಿನಲ್ಲಿದ್ದ ರೇಷ್ಮೆಯ ಹಳೆಯ ಕೈಪಿಡಿಯಲ್ಲಿ ತಸರಕ್ಕೆ ಆಂಥೆರಿಯಾ ಮೈಲಿಟ್ಟಾ ಎಂದಿದೆ. ಪಾಫಿಯಾ ಎಂದದ್ದು ಲಿನೇಯಸ್, 1758. ಮೈಲಿಟ್ಟಾ ಎಂದದ್ದು ಡ್ರೂ ಡ್ರೂರಿ, 1773. ಈತ ಲಂಡನ್ನಿನ ಬೆಳ್ಳಿಕೆಲಸದ ಪತ್ತಾರ; ಹಡಗಿನವರಿಂದ ಹುಳ ತರಿಸಿಕೊಂಡು, ಚೆಂದದ ಬಣ್ಣದ ಚಿತ್ರ ಬರೆಸಿ ಪುಸ್ತಕ ಮಾಡಿದವನು. ಭಾರತಕ್ಕೆ ಕಾಲಿಟ್ಟವನಲ್ಲ, ಲಿನೇಯಸನೂ ಅಲ್ಲ. ಇತ್ತ ಹೈದರಾಲಿ ಕುದುರೆ ಓಡಿಸುತ್ತಿದ್ದ ಕಾಲದಲ್ಲಿ ಅತ್ತ ಅವರು ನಮ್ಮ ಕೂಸಿಗೆ ನಾವಿಲ್ಲದೆಯೇ ತೊಟ್ಟಿಲು ಕಟ್ಟಿದ್ದರು. ಲಿನೇಯಸನ ವಿವರಣೆಯೋ ಒಂದೆರಡು ಸಾಲಿನ ಲ್ಯಾಟಿನ್. ಆತ ಹೇಳಿದ್ದು ಇದನ್ನೇ ಹೌದೆ, ಈ ಎರಡೂ ಹೆಸರು ಒಂದೇ ಜೀವದ್ದೆ ಎಂಬ ಜಗ್ಗಾಟ ಇನ್ನೂರು ವರ್ಷ ದಾಟಿ ನಡೆದಿದೆ. ಒಂದೇ ಆದರೆ ಹಳೆಯ ಹೆಸರೇ ನಿಲ್ಲಬೇಕು ಎನ್ನುವುದು ನಿಯಮ. ಆದರೂ ರೇಷ್ಮೆ ಇಲಾಖೆಯವರ, ರಾಂಚಿಯ ತಸರ ಸಂಶೋಧಕರ ಕಾಗದಗಳಲ್ಲಿ ಮೈಲಿಟ್ಟಾ; ಪತಂಗ ನೋಡಲು ರಾತ್ರಿಯೆಲ್ಲ ಬಿಳಿ ಪರದೆ ಕಟ್ಟಿ ಕೂರುವವರ ಪಟ್ಟಿಗಳಲ್ಲಿ ಹೆಚ್ಚಾಗಿ ಪಾಫಿಯಾ. ಪಡಿತರ ಚೀಟಿಯಲ್ಲೊಂದು, ಶಾಲೆಯ ದಾಖಲೆಯಲ್ಲೊಂದು ಹೆಸರಿದ್ದರೆ ಎಷ್ಟು ಅಫಿಡವಿಟ್ಟು ಮಾಡಿಸಬೇಕೆಂದು ಬಲ್ಲವರಿಗೆ ಈ ಸಂಕಟ ಅರ್ಥವಾದೀತು.

ತಮಾಷೆ ಮುಂದಿದೆ. ಪಾಫಿಯಾ ಎಂದರೆ ಸೈಪ್ರಸ್ಸಿನ ಪಾಫೋಸ್ ಊರಿನ ದೇವಿ, ಗ್ರೀಕರ ಆಫ್ರೊಡೈಟಿ. ಮೈಲಿಟ್ಟಾ ಎಂದರೆ? ಅಸ್ಸೀರಿಯದವರು ಆಫ್ರೊಡೈಟಿಯನ್ನು ಮೈಲಿಟ್ಟಾ ಎಂದು ಕರೆಯುತ್ತಾರೆ ಎಂದು ಹಿರೊಡೋಟಸ್ ಬರೆದಿಟ್ಟಿದ್ದಾನೆ. ಇನ್ನೂರು ವರ್ಷ ಬಡಿದಾಡಿದ ಎರಡು ಹೆಸರೂ ಒಬ್ಬಳೇ ದೇವಿಯವು! ಇದನ್ನು ಓದಿ ಹೇಳಿದಾಗ ದೊಡ್ಡವ್ವ ಒಂದಿಷ್ಟೂ ಬೆರಗಾಗಲಿಲ್ಲ. ‘ಅದರಾಗೇನೈತಿ? ಹುಲಿಗಿಯ ಹುಲಿಗೆವ್ವನ್ನ ಐನಾರು ವ್ಯಾಘ್ರೇಶ್ವರಿ ಅನ್ನೋದಿಲ್ಲೇನು’ ಎಂದಳು. ಮರುಕ್ಷಣವೇ ಆ ಎಳೆ ಹಿಡಿದುಕೊಂಡು, ಕೂಸಿಗೂ ಹುಲಿಗೆಮ್ಮ ಅಂತಲೇ ಇಡಬೇಕು ಎಂದು ಪಟ್ಟು ಹಾಕಿದಳು. ಮಗಳು, ಅಳಿಯ ಮೊಬೈಲಿನಲ್ಲಿ ಹುಡುಕಿ ಸಾನ್ವಿ ಎಂದು ನಿಶ್ಚಯಿಸಿ ಫಲಕವನ್ನೂ ಬರೆಸಿಬಿಟ್ಟಿದ್ದರು. ಪಾಫಿಯಾ-ಮೈಲಿಟ್ಟಾ ಜಗಳ ಸಾನ್ವಿ-ಹುಲಿಗೆಮ್ಮ ಜಗಳಕ್ಕೆ ತಿರುಗಿ ಒಂದು ಗಂಟೆ ನಡೆಯಿತು. ಆ ಭಾಗ ಇಲ್ಲಿ ಬೇಡ.

ಕೊಪ್ಪಳದಿಂದ ಬಂದಿದ್ದ ನನ್ನ ಷಡ್ಡಕ ಈವರೆಗೆ ಮಾತಾಡಿರಲಿಲ್ಲ. ಆತ ಇತಿಹಾಸದ ಮೇಷ್ಟ್ರು. ಕವಿರಾಜಮಾರ್ಗದಲ್ಲಿ ತಿರುಳುಗನ್ನಡದ ಊರುಗಳನ್ನು ಎಣಿಸುವಾಗ ಕೊಪಣ ನಗರವನ್ನೂ ಎಣಿಸಿದ್ದಾರೆ ಎಂಬುದನ್ನು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಉಂಡದ್ದು ಅರಗುವುದಿಲ್ಲ. ಅಂದೂ ಹೇಳಿದ. ಸಾವಿರದ ಇನ್ನೂರು ವರ್ಷದ ಹಿಂದೆಯೇ ಕನ್ನಡದ ತಿರುಳಿದ್ದ ಊರಿನಲ್ಲಿ ಈ ಹುಳಕ್ಕೊಂದು ಕನ್ನಡದ ಹೆಸರಿಲ್ಲವೇನೋ ಎಂದು ನಾನು ಚುಚ್ಚಿದೆ. ಆತ ಚುಚ್ಚಿಸಿಕೊಳ್ಳಲಿಲ್ಲ. ‘ಹೆಸರು ಮುಖ್ಯ ಅಲ್ರೀ, ಹೆಸರು ಯಾರಿಗೆ ಅಂಟಿಸಿದ್ದು ಅನ್ನೋದಕ್ಕ ಒಂದು ಕಲ್ಲು ಬೇಕು’ ಎಂದು ಅಶೋಕನನ್ನು ತಂದ. ಕೊಪ್ಪಳದ ಗವಿಮಠದ ಬಂಡೆಯ ಮೇಲೆ, ಪಾಲ್ಕಿಗುಂಡಿನ ಮೇಲೆ ಅಶೋಕನ ಶಾಸನಗಳಿವೆ. ಆದರೆ ಅವುಗಳಲ್ಲಿ ಇರುವುದು ದೇವಾನಾಂಪ್ರಿಯ ಎಂಬ ಬಿರುದು ಮಾತ್ರ. ದೇಶದ ಬಂಡೆಬಂಡೆಯಲ್ಲೂ ಕಾಣುವ ಈ ದೇವಾನಾಂಪ್ರಿಯ ಯಾರು? ಸಿಂಹಳದ ವಂಶಾವಳಿ ನೋಡಿ ಅಶೋಕನೇ ಇರಬೇಕೆಂದು ಪಂಡಿತರು ಹೇಳಿದ್ದರು. ಬಿರುದು, ಹೆಸರು ಎರಡೂ ಒಟ್ಟಿಗೆ ಕೊರೆದ ಕಲ್ಲು ಸಿಕ್ಕಿದ್ದು 1915ರಲ್ಲಿ, ನಮ್ಮ ನೆರೆಯ ಮಸ್ಕಿಯಲ್ಲಿ. ಆಮೇಲೆ ಬಳ್ಳಾರಿ ಸೀಮೆಯ ನಿಟ್ಟೂರು, ಉದೇಗೊಳಗಳಲ್ಲೂ ಸಿಕ್ಕಿತು. ಜೀವಶಾಸ್ತ್ರದವರೂ ಇದನ್ನೇ ಮಾಡುತ್ತಾರೆ. ಒಂದು ಹೆಸರಿಗೆ ಒಂದು ಮೂಲ ಮಾದರಿ, ಸೂಜಿ ಚುಚ್ಚಿ ಪೆಟ್ಟಿಗೆಯಲ್ಲಿಟ್ಟ ಒಂದು ಹುಳ. ತಕರಾರು ಬಂದರೆ ಅದನ್ನೇ ಹೊರತೆಗೆದು ನೋಡಬೇಕು. ಲಿನೇಯಸನ ಕಾಲಕ್ಕೆ ಆ ಕಟ್ಟುನಿಟ್ಟು ಇರಲಿಲ್ಲ. ಪಾಫಿಯಾಕ್ಕೂ ಒಂದು ಮಸ್ಕಿ ಬೇಕು.

ಷಡ್ಡಕನ ಉಪಮೆ ನನಗಿಂತ ಚೆನ್ನಾಗಿ ಬಂತೆಂಬ ಹೊಟ್ಟೆಯುರಿಗೋ ಏನೋ, ಒಂದು ಪ್ರಯೋಗ ಮಾಡೋಣವೆಂದೆ. ಮೀಸೆ ಸಣ್ಣಗಿತ್ತು, ಹೊಟ್ಟೆ ತುಂಬಿತ್ತು, ಹಾಗಾಗಿ ಹೆಣ್ಣು. ಹೆಣ್ಣಾದರೆ ತನ್ನವರನ್ನು ತಾನೇ ಕರೆಯುತ್ತಾಳೆ. ಫ್ರಾನ್ಸಿನ ಫಾಬ್ರ್ ಎಂಬ ಮೇಷ್ಟ್ರು ಇದೇ ಮನೆತನದ ಹೆಣ್ಣೊಂದನ್ನು ಜಾಳಿಗೆಯ ಕೆಳಗಿಟ್ಟಾಗ, ಆ ರಾತ್ರಿ ಮನೆತುಂಬ ನಲವತ್ತರಷ್ಟು ಗಂಡುಗಳು ಬಂದು ಮುತ್ತಿದ ಕತೆ ಪ್ರಸಿದ್ಧ. ಕರೆಯುವುದು ದನಿಯಿಂದಲ್ಲ, ವಾಸನೆಯಿಂದ. ಆ ವಾಸನೆ ಏನೆಂದು ಹಿಪ್ಪುನೇರಳೆ ಪತಂಗದಲ್ಲಿ ಮೊದಲು ಹಿಡಿದವನು ಜರ್ಮನಿಯ ಬ್ಯೂಟೆನಾಂಟ್, 1959ರಲ್ಲಿ. ಚಿಟಿಕೆ ವಸ್ತುವಿಗೆ ಐದು ಲಕ್ಷ ಹೆಣ್ಣು ಪತಂಗ ಬೇಕಾದವಂತೆ. ನಮ್ಮಲ್ಲಿ ಇದ್ದದ್ದು ಒಬ್ಬಳೇ. ಹಿಂದಿನ ಓಣಿಯಿಂದ ಕೋಳಿ ಮುಚ್ಚುವ ಬುಟ್ಟಿ ತರಿಸಿದೆ. ತೊಟ್ಟಿಲು ಕಾರ್ಯದ ಮನೆಗೆ ಕೋಳಿಬುಟ್ಟಿಯೆ ಎಂದು ಹೆಂಡತಿ ತಡೆದಳು. ಹಿತ್ತಲಿನಿಂದ ಸುತ್ತುಹಾಕಿ ಮಾಳಿಗೆಗೆ ಏರಿಸಿದೆವು. ಹೆಣ್ಣನ್ನು ಒಳಗಿಟ್ಟು ಮೇಲೊಂದು ಕಲ್ಲಿಟ್ಟು, ಕಂಬಳಿ ಹೊದ್ದು ನಾನೂ ಕಾಕಾನೂ ಕೂತೆವು.

ರಾತ್ರಿ ಉದ್ದವಿತ್ತು. ಈ ಹುಳ ಏನು ತಿನ್ನುತ್ತದೆ ಎಂದು ಕಾಕಾ ಕೇಳಿದ. ಕಾಡಿನಲ್ಲಿ ಮತ್ತಿ, ಹೊಳೆಮತ್ತಿ, ದಿಂಡಿಗ. ‘ನಮ್ಮ ಕಡೆ ಮತ್ತಿ ಎಲ್ಲೈತಿ?’ ಮತ್ತಿ ಇಲ್ಲದಲ್ಲಿ ಬಾರಿಗಿಡ ಎಂದೆ. ಕಾಕಾ ಎದ್ದು ಕೂತ. ‘ಬಾರಿಗಿಡದಾಗ ಕಲ್ಲಿನಂಥ ಕಾಯಿ ಜೋತಾಡ್ತಾವು, ನೋಡೀಯೇನು? ಕುರಿ ಕಾಯೋವಾಗ ಹಲ್ಲಿಲೆ ಕಡದ್ರ ಹಲ್ಲು ಹೋಕ್ಕಾವು, ಆ ಕಾಯಿ ಒಡಿಯಾಂಗಿಲ್ಲ. ಅದಾ ಗಿಡದಾಗ ಹಸರ ಕೀಡಿ, ಹೆಬ್ಬಟ್ಟಿನಷ್ಟು ದಪ್ಪ.’ ಎಪ್ಪತ್ತು ವರ್ಷದಿಂದ ಆತ ಕೀಡಿಯನ್ನು ಕಂಡಿದ್ದ, ಕಾಯಿಯನ್ನು ಕಂಡಿದ್ದ, ಮಳೆಗಾಲದ ದೀಪಕ್ಕೆ ಬರುವ ಈ ದೊಡ್ಡ ಪಾತರಗಿತ್ತಿಯನ್ನೂ ಒಂದೆರಡು ಸಲ ಕಂಡಿದ್ದ. ಮೂರೂ ಒಂದೇ ಎಂದು ಯಾರೂ ಹೇಳಿರಲಿಲ್ಲ. ನನ್ನದು ಇದಕ್ಕಿಂತ ನಾಚಿಕೆಗೇಡು. ಪುಸ್ತಕದಲ್ಲಿ ಮೂರೂ ಒಂದೇ ಎಂದು ಓದಿದ್ದೆ, ಮೂರರಲ್ಲಿ ಎರಡನ್ನು ಕಂಡೇ ಇರಲಿಲ್ಲ.

ಆ ಕಲ್ಲುಕಾಯಿಯೇ ತಸರದ ಗೂಡು. ಹಿಪ್ಪುನೇರಳೆಯ ಗೂಡನ್ನು ಚಂದ್ರಿಕೆಯ ಮೇಲೆ ಹುಳ ಎಲ್ಲೆಂದರಲ್ಲಿ ಕಟ್ಟುತ್ತದೆ. ತಸರದ ಹುಳ ಮೊದಲು ಟೊಂಗೆಗೆ ರೇಷ್ಮೆಯ ಬಳೆ ತೊಡಿಸಿ, ಬಳೆಯಿಂದ ಗಟ್ಟಿಯಾದ ತೊಟ್ಟು ಇಳಿಬಿಟ್ಟು, ಆ ತೊಟ್ಟಿಗೆ ಮೊಟ್ಟೆಯಂತಹ ಗೂಡು ಕಟ್ಟುತ್ತದೆ. ಎಲೆ ಉದುರಿದರೂ ಗೂಡು ಉದುರುವುದಿಲ್ಲ. ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ ಬೋಳು ಟೊಂಗೆಗೆ ಜೋತುಬಿದ್ದು, ಒಳಗೆ ಕೋಶ ನಿದ್ದೆ ಮಾಡುತ್ತಿರುತ್ತದೆ. ಮಳೆಯ ವಾಸನೆ ಬಂದಾಗ ಪತಂಗ ಒಂದು ರಸ ಉಗುಳಿ ಗೂಡಿನ ತುದಿಯನ್ನು ಮೆತ್ತಗೆ ಮಾಡಿ ನುಗ್ಗಿ ಹೊರಬರುತ್ತದೆ. ರೆಕ್ಕೆ ನೋಡಿ ಅನುಮಾನ ಬಂದರೂ ಈ ತೊಟ್ಟು, ಈ ಬಳೆ ನೋಡಿದ ಮೇಲೆ ಅನುಮಾನವಿಲ್ಲ. ಯಾವ ಊರು, ಏನು ಊಟ, ಎಂತಹ ಮನೆ, ಎಲ್ಲ ಅಲ್ಲೇ ಬರೆದಿರುತ್ತದೆ.

ತಸರ ಎಂದರೆ ಸಂಸ್ಕೃತದಲ್ಲಿ ಲಾಳಿ, ನೇಕಾರರ ಲಾಳಿ. ಇಳಕಲ್ಲು ನಮಗೆ ಕೂಗಳತೆಯ ದೂರದಲ್ಲಿ. ಲಾಳಿಯ ಸದ್ದು ಕೇಳುತ್ತಲೇ ಬೆಳೆದವರಿಗೂ ಈ ಮಾತು ಹೊಸದು. ಆದರೆ ಕನ್ನಡಕ್ಕೆ ತನ್ನದೇ ಹಳೆಯ ಮಾತೊಂದಿದೆ, ತೆರಣಿ. ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿ ತನ್ನ ಮನಸ್ಸಿನ ಪಾಡಿಗೆ ತೆರಣಿ ಹುಳವನ್ನು ಹೋಲಿಸಿ ಹೇಳಿದ ವಚನ ಎಲ್ಲರಿಗೂ ಗೊತ್ತು. ತಾನೇ ಮನೆ ಕಟ್ಟಿ, ತನ್ನ ನೂಲಿನಲ್ಲಿ ತಾನೇ ಸಿಕ್ಕಿ ಸಾಯುವ ಹುಳ. ಅದು ಯಾವ ಜಾತಿಯ ಹುಳವಾಗಿತ್ತು? ಮಾಳಿಗೆಯ ಮೇಲೆ ಆ ಹೊತ್ತಿನಲ್ಲಿ ನನಗೆ ಅನ್ನಿಸಿದ್ದು ಹೇಳುತ್ತೇನೆ, ಪಂಡಿತರು ಬೈದರೆ ಬೈಯಲಿ. ಕಲ್ಯಾಣದಿಂದ ಶ್ರೀಶೈಲಕ್ಕೆ ಒಬ್ಬಳೇ ಕಾಡುದಾರಿಯಲ್ಲಿ ನಡೆದವಳು ಆಕೆ. ಮತ್ತಿ, ದಿಂಡಿಗದ ಟೊಂಗೆಗೆ ಜೋತ ಗೂಡನ್ನು ಕಾಣದೆ ಹೋಗಿದ್ದಾಳೆಯೆ? ನನ್ನ ಮಟ್ಟಿಗೆ ಅಕ್ಕನ ತೆರಣಿ ತಟ್ಟೆಯಲ್ಲಿ ಸಾಕಿದ್ದಲ್ಲ, ಕಾಡಿನದು. ಪುರಾವೆ ಕೇಳಬೇಡಿ, ನಡುರಾತ್ರಿ ಎರಡು ಗಂಟೆಯ ಸಂಶೋಧನೆ ಇದು.

ಮೂರು ಗಂಟೆಯ ಸುಮಾರಿಗೆ ಕಾಕಾ ತಿವಿದ. ಬುಟ್ಟಿಯ ಸುತ್ತ ಏನೋ ಪಟಪಟ ಬಡಿದುಕೊಳ್ಳುತ್ತಿತ್ತು. ಒಂದಲ್ಲ, ಮೂರು. ಟಾರ್ಚು ಬಿಟ್ಟರೆ ಹಳದಿಯಲ್ಲ, ಇಟ್ಟಂಗಿ ಕೆಂಪು! ಗಾತ್ರ ಸಣ್ಣದು, ಮುಂದಿನ ರೆಕ್ಕೆಯ ತುದಿ ಕುಡುಗೋಲಿನಂತೆ ಬಾಗಿದ್ದು, ಮೀಸೆ ಎರಡು ಹಕ್ಕಿಗರಿಯಷ್ಟು ಅಗಲ. ಗೋಡೆಯ ಮೇಲೆ ಪಕ್ಕಪಕ್ಕ ಕೂರಿಸಿದ್ದರೆ ಇವು ಬೇರೆ, ಆಕೆ ಬೇರೆ ಎಂದು ನಾನೇ ಬರೆದುಕೊಡುತ್ತಿದ್ದೆ. ರೆಕ್ಕೆಯ ನಡುವೆ ಮಾತ್ರ ಅದೇ ದುಂಡು ಬೆಳಕಿಂಡಿ. ಬುಟ್ಟಿ ಎತ್ತಿದೆವು. ಒಬ್ಬ ಗೆದ್ದ.

ಬೆಳಗಾದ ಮೇಲೆ ಮಾಳಿಗೆಗೆ ಜಾತ್ರೆ. ಕೆಂಪು, ಹಳದಿ ಎರಡೂ ಬೆನ್ನು ತಿರುವಿಕೊಂಡು ಕೂಡಿಕೊಂಡಿದ್ದವು. ಸಂಜೆಯ ತನಕ ಬಿಡುವುದಿಲ್ಲ. ಪಕ್ಕದ ಮನೆಯವರು ನೋಡಿ, ‘ಎರಡೂ ಬ್ಯಾರೆ ಬ್ಯಾರೆ ಜಾತಿ ಅಲ್ರೀ ಸರ, ಹೆಂಗ ಕೂಡಿದ್ವು?’ ಎಂದರು. ಜಾತಿ ಎಂಬ ಒಂದು ಮಾತು ಕನ್ನಡದ ವಿಜ್ಞಾನ ಮೇಷ್ಟ್ರಿಗೆ ಕೊಟ್ಟಷ್ಟು ಕಾಟವನ್ನು ಇನ್ನಾವುದೂ ಕೊಟ್ಟಿಲ್ಲ. ಪಠ್ಯಪುಸ್ತಕದಲ್ಲಿ ಸಾಮ್ರಾಜ್ಯ, ವಂಶ, ವರ್ಗ, ಗಣ, ಕುಟುಂಬ ಎಂದು ಇಳಿದು ಜಾತಿಗೆ ಬಂದೊಡನೆ ಹುಡುಗರು ಹಿಂದಿನ ಬೆಂಚಿನಲ್ಲಿ ಮುಸಿಮುಸಿ ನಗುತ್ತಾರೆ; ಜಾತಿಯ ಕೆಳಗೆ ಪ್ರಭೇದ ಎಂದು ಇನ್ನೊಂದು ಮೆಟ್ಟಿಲಿದೆ ಎಂಬುದು ನಗೆಯಲ್ಲಿ ತೇಲಿಹೋಗುತ್ತದೆ. ಕೂಡಿ, ಹುಟ್ಟಿದ ಮರಿಗಳು ಮತ್ತೆ ಕೂಡಿ ಮರಿ ಹಾಕಿದರೆ ಎಲ್ಲರೂ ಒಂದೇ ಪ್ರಭೇದ ಎಂದು ನಾನು ವರ್ಷವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ಇದೇ ಆಂಥೆರಿಯಾ ಕವಲು ಆ ಸೂತ್ರವನ್ನೂ ಕೆಡಿಸಿದೆ. ಚೀನಾದ ಓಕ್ ತಸರ ಪೆರ್ನಿಯಿ, ಹಿಮಾಲಯದ ರಾಯ್ಲಿಯಿ, ಎರಡನ್ನೂ ಕೂಡಿಸಿ ನಮ್ಮ ದೇಶದ ವಿಜ್ಞಾನಿಗಳು ಪ್ರಾಯ್ಲಿಯಿ ಎಂಬ ಹೊಸ ತಳಿಯನ್ನೇ ಮಾಡಿದರು. ಅದು ಮರಿ ಹಾಕುತ್ತದೆ, ಗೂಡೂ ಕಟ್ಟುತ್ತದೆ. ವರ್ಣತಂತುಗಳನ್ನು ಎಣಿಸಿ ತೀರ್ಮಾನಿಸೋಣ ಎನ್ನುವವರೂ ಇದ್ದಾರೆ: ತಸರಕ್ಕೆ 31 ಜೊತೆ, ಮುಗಾಕ್ಕೆ 15, ಚೀನಾದ್ದಕ್ಕೆ 49. ಒಂದೇ ಅಡ್ಡಹೆಸರಿನ ಮೂರು ಮನೆಗಳ ಲೆಕ್ಕ ಇಷ್ಟು ಬೇರೆ. ಪಕ್ಕದ ಮನೆಯವರಿಗೆ ಇಷ್ಟೆಲ್ಲ ಹೇಳಲಿಲ್ಲ. ‘ಗಂಡ-ಹೆಂಡತಿ, ಬಣ್ಣ ಬ್ಯಾರೆ, ಮನಿ ಒಂದ’ ಎಂದೆ. ‘ಹಂಗಾರ ಸರಿ’ ಎಂದು ಇಳಿದುಹೋದರು.

ಹನ್ನೊಂದರ ಬಸ್ಸಿಗೆ ಯಲಬುರ್ಗಾದಿಂದ ಕಾಕಾನ ಮೊಮ್ಮಗ ಬಂದಿಳಿದ. ರಾತ್ರಿಯೇ ಫೋನು ಮಾಡಿ ಹೇಳಿದ್ದನಂತೆ. ಅವನ ಕಿಸೆಯಲ್ಲಿ ಬದುವಿನ ಬಾರಿಗಿಡದ ಮೂರು ಗೂಡು, ಬಳೆ-ತೊಟ್ಟು ಸಮೇತ. ಎರಡಕ್ಕೆ ತುದಿಯಲ್ಲಿ ತೂತು. ಒಂದು ಇನ್ನೂ ಭಾರವಿತ್ತು. ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಗುಂಡು ಹೊರಳಿದಂತಾಗುತ್ತಿತ್ತು. ಬೀಗರು ಅದನ್ನು ಅಂಗೈಯಲ್ಲಿಟ್ಟುಕೊಂಡು ಊಟಕ್ಕೆ ಕರೆಯುವವರೆಗೂ ಕೆಳಗಿಡಲಿಲ್ಲ. ಕಾಂಡಕೊರಕದ ಮಾತು ಆಮೇಲೆ ಎತ್ತಲಿಲ್ಲ.

ತೊಟ್ಟಿಲು ಕಾರ್ಯ ಸುಸೂತ್ರ ನಡೆಯಿತು. ನಮ್ಮಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಗಂಗಾವತಿಯಿಂದ ಬಂದಿದ್ದ ಅಳಿಯನ ತಂಗಿ ಕೂಸಿನ ಕಿವಿಗೆ ಬಾಯಿಟ್ಟು ‘ಕುರ್ರ್’ ಎಂದು ಸಾನ್ವಿ ಎಂದಳು. ಎನ್ನುವುದೇ ತಡ, ಕಾಯುತ್ತಿದ್ದ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಿದರು. ದೊಡ್ಡವ್ವನ ಗುದ್ದು ತುಸು ಜೋರಾಗಿಯೇ ಬಿತ್ತು, ಹುಲಿಗೆಮ್ಮನ ಲೆಕ್ಕವೂ ಅದರಲ್ಲಿ ಸೇರಿತ್ತೆಂದು ನನ್ನ ಗುಮಾನಿ.

ಉಂಡು ಎಲೆ ಎತ್ತುವ ಹೊತ್ತಿಗೆ ಮಕ್ಕಳು ಆ ಹುಡುಗಿಯನ್ನು ಮಾಳಿಗೆಗೆ ಎಳೆದುಕೊಂಡು ಹೋದರು. ಮೇಲಿರುವವಳಿಗೂ ಹೆಸರಿಡಬೇಕು. ಹಾಳೆಯ ಮೇಲೆ ಮಗ ದೊಡ್ಡಕ್ಷರದಲ್ಲಿ ಎರಡೂ ಹೆಸರು ಬರೆದುಕೊಟ್ಟಿದ್ದ, ಯಾವುದು ಬೇಕೋ ಹೇಳು ಎಂದು. ಅವಳು ಬೆನ್ನು ಸವರಿಕೊಳ್ಳುತ್ತ ಬುಟ್ಟಿಯ ಮುಂದೆ ಬಗ್ಗಿದಳು.

‘ಮಾವಾರ, ಇದರ ಕಿವಿ ಎಲ್ಲಿ ಅದಾವ್ರಿ?’

ನಾನು ಕನ್ನಡಕ ಏರಿಸಿದೆ. ಬಾವಲಿಯ ದನಿ ಕೇಳಿ ತಪ್ಪಿಸಿಕೊಳ್ಳಲು ಎಷ್ಟೋ ಪತಂಗಗಳಿಗೆ ಕಿವಿಯುಂಟು. ಈ ಮನೆತನಕ್ಕೆ ಇಲ್ಲ.

‘ಇಲ್ಲವ್ವ’ ಎಂದೆ.

‘ಮತ್ತ ಎಲ್ಲಿ ಹೇಳ್ಲಿ?’

ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಮಕ್ಕಳು ಒಂದು ಕ್ಷಣ ನನ್ನ ಮುಖ ನೋಡಿದರು, ಆಮೇಲೆ ನನ್ನ ಬೆನ್ನ ಕಡೆ ಬಂದರು.